ಒಂದು ಗೋಲಿನ ಅಂತರ, ಎರಡು ದಶಕಗಳ ಖಾಲಿ

ಮಾನ್ಯರೇ,

ಚೀನಾದ ಫುಟ್‌ಬಾಲ್ ಆಟಗಾರ ಝಾಂಗ್ ಹೊಂಗ್‌ಗೆನ್ ಅವರ ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವಂತೆ ಅದನ್ನು ಪ್ರಕಟಿಸಲಾಗದು. ತಿದ್ದಿದರೆ ಒಳ್ಳೆಯ ಲೇಖನವಾದೀತೆಂಬ ನಂಬಿಕೆಯಿಂದಲೇ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

1958ರ ವಿಶ್ವಕಪ್ಪಿಗಾಗಿ 1957ರಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಚೀನಾ ‘ರಂಗೂನಿನಲ್ಲಿ ಇಂಡೋನೇಷ್ಯಾಕ್ಕೆ ಸೋತು ಹೊರಬಿತ್ತು’ ಎಂದಿದ್ದೀರಿ. ರಂಗೂನಿನಲ್ಲಿ ಯಾರೂ ಸೋಲಲಿಲ್ಲ. ಜಕಾರ್ತಾದಲ್ಲಿ 0–2ರಿಂದ ಸೋತಿದ್ದ ಚೀನಾ ಜೂನ್ 2ರಂದು ಬೀಜಿಂಗಿನಲ್ಲಿ 4–3ರಿಂದ ಗೆದ್ದಿತು. ತಟಸ್ಥ ನೆಲವಾದ ರಂಗೂನಿನಲ್ಲಿ ಮೂರನೆಯ ಪಂದ್ಯ ಗೋಲಿಲ್ಲದೆ ಮುಗಿದಾಗ, ಒಟ್ಟು 5 ಗೋಲು ಹೊಡೆದ ಇಂಡೋನೇಷ್ಯಾ ಮುಂದಕ್ಕೆ ಹೋಯಿತು, 4 ಹೊಡೆದ ಚೀನಾ ಮನೆಗೆ ಮರಳಿತು. ಬೀಜಿಂಗಿನ ಆ ಪಂದ್ಯದಲ್ಲಿ ಗೋಲು ಗಳಿಸಿದವರಲ್ಲಿ ಝಾಂಗ್ ಒಬ್ಬರು ಎಂಬುದನ್ನು ಅರ್ಧ ವಾಕ್ಯದಲ್ಲಿ ಮುಗಿಸಿ, ‘ಅಪ್ರತಿಮ’, ‘ಮಿಂಚಿನ ವೇಗ’ ಎಂಬ ವಿಶೇಷಣಗಳಿಗೆ ಒಂದಿಡೀ ಪುಟ ಕೊಟ್ಟಿದ್ದೀರಿ.

ಇದಕ್ಕಿಂತ ದೊಡ್ಡ ತಪ್ಪು, 1954 ಮತ್ತು 1958ರ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಝಾಂಗ್ ಅವರ ತಂಡಕ್ಕೆ ಸಲ್ಲಿಸಿರುವುದು. ಆ ಎರಡೂ ಪದಕಗಳನ್ನು ಗೆದ್ದದ್ದು ತೈವಾನಿನಿಂದ ಆಳುತ್ತಿದ್ದ ಚೀನಾ ಗಣರಾಜ್ಯದ ತಂಡ. ಅದರ ಆಟಗಾರರು ಬಹುಪಾಲು ಹಾಂಗ್‌ಕಾಂಗಿನವರು. ಆಗ ‘ಚೀನಾ’ ಎಂಬ ಹೆಸರಿಗೆ ಹಕ್ಕುದಾರರು ಇಬ್ಬರಿದ್ದರು: ತೈವಾನಿನ ಆ ಸರ್ಕಾರ ಮತ್ತು ಝಾಂಗ್ ಆಡುತ್ತಿದ್ದ ಬೀಜಿಂಗಿನ ಕಮ್ಯುನಿಸ್ಟ್ ಸರ್ಕಾರ. ಈ ಜಗಳವನ್ನು ಬದಿಗಿಟ್ಟರೆ ನಿಮ್ಮ ನಾಯಕನ ಬದುಕು ಅರ್ಥವಾಗುವುದೇ ಇಲ್ಲ, ಏಕೆಂದರೆ ತೈವಾನಿನ ಸದಸ್ಯತ್ವವನ್ನು ವಿರೋಧಿಸಿ ಬೀಜಿಂಗ್ 1958ರಲ್ಲಿ ಫಿಫಾದಿಂದ ಹೊರನಡೆಯಿತು, ಮರಳಿದ್ದು 1979ರಲ್ಲಿ. 1935ರಲ್ಲಿ ಹುಟ್ಟಿದ ಝಾಂಗ್ ಅವರಿಗೆ ಹೊರನಡೆದಾಗ ಇಪ್ಪತ್ತೆರಡರ ಹರೆಯ, ಮರಳುವಾಗ ನಲವತ್ತು ದಾಟಿತ್ತು. ಕಾಲುಗಳಲ್ಲಿ ಕಸುವಿದ್ದ ವರ್ಷಗಳಷ್ಟೂ ಅವರಿಗೆ ವಿಶ್ವಕಪ್ಪಿನ ಬಾಗಿಲು ಮುಚ್ಚಿತ್ತು. ನೀವು ಈ ಅವಧಿಯನ್ನು ‘ನಂತರ ಅವರು ತರಬೇತುದಾರರಾದರು’ ಎಂಬ ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಓದುತ್ತ ನನಗೆ ನಿಜವಾಗಿಯೂ ನೋವಾದದ್ದು ಇಲ್ಲಿ.

ಹಂಗರಿಯ ಭಾಗ ಚೆನ್ನಾಗಿದೆ, ಅದನ್ನು ಬೆಳೆಸಿ. 1954ರಲ್ಲಿ ಚೀನಾ ತನ್ನ ತರುಣರನ್ನು ಕಲಿಯಲೆಂದು ಕಳುಹಿಸಿದ್ದು, ಹಿಂದಿನ ವರ್ಷವಷ್ಟೇ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಮಣಿಸಿದ್ದ ನಾಡಿಗೆ. ಅಂಥ ಶಾಲೆಯಲ್ಲಿ ಕಲಿತವರಿಗೆ ಕಲಿತದ್ದನ್ನು ವಿಶ್ವಕಪ್ಪಿನ ಹಾದಿಯಲ್ಲಿ ತೋರಿಸಲು ಸಿಕ್ಕಿದ್ದು ಮೂರೇ ಪಂದ್ಯ ಎಂಬುದನ್ನು ಓದುಗರು ಲೆಕ್ಕ ಹಾಕುವಂತೆ ಬರೆಯಿರಿ. ಆರಂಭದ ಬಾಲ್ಯವರ್ಣನೆಯನ್ನು ಕೈಬಿಟ್ಟು, ಲೇಖನವನ್ನು ಬೀಜಿಂಗಿನ ಆ ಪಂದ್ಯದಿಂದ ತೊಡಗಿಸಿ ನನಗೆ ಮತ್ತೆ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ