ಅಪ್ಪನ ಸಂಗ್ರಹ ಹರಾಜಿಗೆ ಹೋಗುವ ಮುನ್ನ: ಒಂದು ಆಪ್ತಸಲಹೆ ಪ್ರಕರಣ

ಸಲಹೆ ಕೇಳಿ ಬಂದವರು ಅರವತ್ತರ ಆಸುಪಾಸಿನ ತಾಯಿ. ಗುರುತು ಸಿಗಬಾರದೆಂದು ಹೆಸರು, ಊರು, ಉದ್ಯೋಗ ಯಾವುದನ್ನೂ ಇಲ್ಲಿ ಹೇಳಿಲ್ಲ. ಸಂಗ್ರಹದ ಕೆಲವು ವಿವರಗಳನ್ನೂ ಬದಲಿಸಿದ್ದೇವೆ. ಪತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರು ಬಿಟ್ಟುಹೋದದ್ದು ಮುನ್ನೂರರಷ್ಟು ಖನಿಜ ಮಾದರಿಗಳು, ಇಪ್ಪತ್ತೆರಡು ಹಳೆಯ ಗಡಿಯಾರಗಳು, ಅವರ ತಾಯಿಯ ಕಾಲದ ಒಂದು ಪೆಟ್ಟಿಗೆ ಒಡವೆ ಮತ್ತು ಮಣ್ಣಿನ ಮೂರು ಪುಟ್ಟ ಪ್ರಾಚೀನ ಬೊಂಬೆಗಳು. ಮಗನಿಗೆ ಎಲ್ಲವನ್ನೂ ಒಟ್ಟಿಗೆ ಹರಾಜಿಗೆ ಹಾಕಿ ಮುಗಿಸಿಬಿಡುವ ಆತುರ. ಮಗಳದು ಒಂದು ಕಲ್ಲೂ ಮನೆಯಿಂದಾಚೆ ಹೋಗಕೂಡದೆಂಬ ಹಟ. ಅಣ್ಣ ತಂಗಿ ಮಾತು ಬಿಟ್ಟು ಆರು ವಾರವಾಗಿತ್ತು. “ನಾನು ಯಾರ ಪರ ನಿಲ್ಲಲಿ, ಹೇಳಿ” ಎನ್ನುವುದೇ ತಾಯಿಯ ಪ್ರಶ್ನೆ.

ಆ ಪ್ರಶ್ನೆಗೆ ಹೋಗುವ ಮೊದಲೇ ಇನ್ನೊಂದು ಸಂಗತಿ ಬಯಲಾಯಿತು. ನಿದ್ದೆ ಬಾರದ ರಾತ್ರಿಗಳಲ್ಲಿ ಅವರು ಬೀರು ತೆಗೆದು ಒಂದೊಂದೇ ವಸ್ತುವನ್ನು ಶುಚಿ ಮಾಡುತ್ತಿದ್ದರು. “ಅವರಿದ್ದಾಗ ಇವುಗಳ ಮೇಲೆ ಧೂಳು ಕೂರೋಕೇ ಬಿಡ್ತಿರಲಿಲ್ಲ” ಎಂದರು. ಹಾಲೈಟ್, ಅಂದರೆ ಹರಳುಗಟ್ಟಿದ ಕಲ್ಲುಪ್ಪಿನ ಒಂದು ಮಾದರಿಯನ್ನು ನಲ್ಲಿಯ ಕೆಳಗೆ ತೊಳೆದಿದ್ದರು. ಚೌಕಾಕಾರದ ಹರಳಿನ ಚೂಪು ಅಂಚುಗಳೆಲ್ಲ ಕರಗಿ, ಬಳಸಿದ ಸೋಪಿನ ಹಾಗೆ ದುಂಡಗಾಗಿತ್ತು. ಎರಡು ಬೆಳ್ಳಿಯ ಜೇಬುಗಡಿಯಾರಗಳನ್ನು ಪಾಲಿಶ್ ಹಾಕಿ ಉಜ್ಜಿದ್ದರು. ಪ್ರತಿ ಕಲ್ಲಿನ ವಿವರ ಬರೆದಿದ್ದ, ಹಳದಿಗಟ್ಟಿದ ಚೀಟಿಗಳನ್ನು ಕಿತ್ತು ಹೊಸದಾಗಿ ಬರೆದಿಡಲು ಶುರು ಮಾಡಿದ್ದರು.

ಮೊದಲು ಆ ಕೈಗೆ ಬೇರೆ ಕೆಲಸ

ಎಂಟು ತಿಂಗಳು ಕಳೆದಿದ್ದರಿಂದ ದುಃಖ ದೀರ್ಘಕಾಲದ ಕಾಯಿಲೆಯ ಮಟ್ಟಕ್ಕೆ ಹೋಗಿದೆಯೇ ಎಂದು ನೋಡುವುದು ನಮ್ಮ ಕರ್ತವ್ಯವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ವರ್ಗೀಕರಣದಲ್ಲಿ ಆ ರೋಗನಿರ್ಣಯಕ್ಕೆ ಕನಿಷ್ಠ 6 ತಿಂಗಳ ಗಡುವಿದೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ದೊಡ್ಡವರಿಗೆ 12 ತಿಂಗಳು. ಗಡುವು ದಾಟಿದ ಮಾತ್ರಕ್ಕೆ ರೋಗವಾಗುವುದಿಲ್ಲ. ಈ ತಾಯಿ ಅಡುಗೆ ಮಾಡುತ್ತಿದ್ದರು, ಗೆಳತಿಯರನ್ನು ಕಾಣುತ್ತಿದ್ದರು, ಪತಿಯ ಮಾತು ಬಂದಾಗ ಅಳುವಷ್ಟೇ ನಗುತ್ತಲೂ ಇದ್ದರು. ನಿದ್ದೆಯ ವಿಚಾರಕ್ಕೆ ಮಾತ್ರ ವೈದ್ಯರನ್ನು ಕಾಣಲು ಹೇಳಿದೆವು.

ಶುಚಿ ಮಾಡುವುದು ಅವರಿಗೆ ಪತಿಯ ಸೇವೆಯ ಮುಂದುವರಿಕೆ. ಅದನ್ನು ಬರೀ ‘ಬಿಡಿ’ ಎಂದರೆ ಬಿಡಲಾಗದು. ಹಾಗಾಗಿ ಅದೇ ವಸ್ತುಗಳನ್ನು ಮುಟ್ಟುತ್ತಲೇ ಮಾಡುವ, ಆದರೆ ಹಾನಿಯಾಗದ ಕೆಲಸವೊಂದನ್ನು ಕೊಟ್ಟೆವು: ಪಟ್ಟಿ ಮಾಡುವುದು. ರಾತ್ರಿಯಲ್ಲ, ಬೆಳಗ್ಗೆ. ದಿನಕ್ಕೆ ಒಂದು ಗಂಟೆ, ಒಂದೇ ಡ್ರಾಯರ್.

ಡ್ರಾಯರ್ ಎಳೆದ ಕೂಡಲೇ, ಏನನ್ನೂ ಕದಲಿಸದೆ, ಮೇಲಿನಿಂದ ಫೋಟೊ ತೆಗೆಯಬೇಕು. ಯಾವ ಚೀಟಿ ಯಾವ ಕಲ್ಲಿನದು ಎಂಬುದಕ್ಕೆ ಎಷ್ಟೋ ಸಲ ಅವು ಕೂತಿರುವ ಜಾಗವೇ ಏಕೈಕ ಸಾಕ್ಷಿ. ಆಮೇಲೆ ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ನಾಲ್ಕು ಬದಿಯಿಂದ ಫೋಟೊ, ಗ್ರಾಂ ಲೆಕ್ಕದಲ್ಲಿ ತೂಕ. ಕಲ್ಲಿನ ತಳದಲ್ಲಿ ಬಣ್ಣದಲ್ಲಿ ಬರೆದ ಪುಟ್ಟ ಸಂಖ್ಯೆಯಿದ್ದರೆ ಅದನ್ನೂ ಬರೆದುಕೊಳ್ಳಬೇಕು. ಅದು ಸಂಗ್ರಾಹಕರ ನೋಟ್‌ಬುಕ್ಕಿನ ಕೀಲಿ. ಖನಿಜದ ವ್ಯಾಪಾರದಲ್ಲಿ ‘ಎಲ್ಲಿ ಸಿಕ್ಕಿತು’ ಎಂಬ ಮಾಹಿತಿ ಕಳೆದುಹೋದರೆ ಬೆಲೆಯ ಬಹುಪಾಲು ಹೋದ ಹಾಗೆ. ಮುಚ್ಚಿಹೋದ ಗಣಿಯೊಂದರ ಹೆಸರು ಹಳೆಯ ಕೈಬರಹದಲ್ಲಿದ್ದರೆ, ಆ ಹಳದಿ ಚೀಟಿಯೇ ಮಾದರಿಯ ಅರ್ಧ ಜೀವ. ಕಿತ್ತ ಚೀಟಿಗಳು ಅದೃಷ್ಟವಶಾತ್ ಇನ್ನೂ ಕಸಕ್ಕೆ ಹೋಗಿರಲಿಲ್ಲ. ನೋಟ್‌ಬುಕ್ ಹಿಡಿದು ಕೂತು ಅವನ್ನು ಮತ್ತೆ ಹೊಂದಿಸುವುದೇ ಅವರ ಮೊದಲ ವಾರದ ಕೆಲಸವಾಯಿತು.

ಗಡಿಯಾರಗಳಿಗೆ ನಿಯಮ ಇನ್ನೂ ಬಿಗಿ. ಉಜ್ಜಬಾರದು, ಹಿಂಬದಿ ತೆಗೆಯಬಾರದು, ನಡೆಯುತ್ತದೆಯೇ ನೋಡೋಣವೆಂದು ಕೀ ಕೊಡಬಾರದು. ಒಳಗಿನ ಎಣ್ಣೆ ವರ್ಷಗಳಲ್ಲಿ ಒಣಗಿ ಅಂಟಾಗಿರುತ್ತದೆ. ಆ ಸ್ಥಿತಿಯಲ್ಲಿ ಓಡಿಸಿದರೆ ಚಕ್ರಗಳು ತಿರುಗುವ ಪುಟ್ಟ ಅಚ್ಚುಗಳು ಸವೆಯುತ್ತವೆ. ಪಾಲಿಶ್ ಮಾಡಿದಾಗ ಲೋಹದ ಒಂದು ಪದರ ಹೋಗಿ ಅಂಚುಗಳು ಮೊಂಡಾಗುತ್ತವೆ, ಕೆತ್ತನೆ ಮತ್ತು ಮುದ್ರೆಗಳು ಮಾಸುತ್ತವೆ. ಮಸುಕಾದ ಡಯಲ್‌ಗೆ ಹೊಸ ಬಣ್ಣ ಹೊಡೆಸಿದರಂತೂ ಸಂಗ್ರಾಹಕರು ಹಿಂದೆ ಸರಿಯುತ್ತಾರೆ. ಕತ್ತಲಲ್ಲಿ ಹೊಳೆಯುವ ಹಳೆಯ ಡಯಲ್‌ಗಳಿಗೆ 1960ರ ದಶಕದವರೆಗೂ ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಕೆಯಲ್ಲಿತ್ತು. ಹೊಳಪು ಸತ್ತಿದೆ, ಹಾಗಾಗಿ ಅಪಾಯವಿಲ್ಲ ಎನ್ನುವುದು ತಪ್ಪು. ಸತ್ತಿರುವುದು ಬೆಳಕು ಕೊಡುವ ಸತುವಿನ ಸಲ್ಫೈಡ್. ರೇಡಿಯಂನ ಅರ್ಧಾಯು, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ. ಗಾಜು ಮುಚ್ಚಿರುವವರೆಗೆ ತೊಂದರೆ ಕಡಿಮೆ, ಉದುರಿದ ಪುಡಿಯನ್ನು ಉಸಿರಾಡಿದರೆ ತೊಂದರೆ.

ಖನಿಜಗಳಲ್ಲಿ ಕೆಲವಕ್ಕೆ ತಡ ಮಾಡುವಂತಿರಲಿಲ್ಲ. ಕಬ್ಬಿಣ, ಗಂಧಕ ಕೂಡಿದ ಪೈರೈಟ್ ಮತ್ತು ಮಾರ್ಕಸೈಟ್ ತೇವದ ಗಾಳಿಯಲ್ಲಿ ಕೊಳೆತು ಬೂದುಬಿಳಿ ಪುಡಿ ಬಿಡುತ್ತವೆ, ಜತೆಗೆ ಗಂಧಕಾಮ್ಲ ಹುಟ್ಟಿ ಚೀಟಿ, ಪೆಟ್ಟಿಗೆ, ಪಕ್ಕದ ಕಲ್ಲು ಎಲ್ಲವನ್ನೂ ಸುಡುತ್ತದೆ. ಇವರ ಸಂಗ್ರಹದಲ್ಲಿ ಅಂಥವು ನಾಲ್ಕಿದ್ದವು. ಬೇರ್ಪಡಿಸಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಡಬ್ಬಿಯಲ್ಲಿ ಇಡಿಸಿದೆವು. ಕೆಂಪು ರಿಯಾಲ್ಗರ್ ಬೆಳಕಿಗೆ ಹಳದಿ ಪುಡಿಯಾಗುತ್ತದೆ, ಅದರಲ್ಲಿ ಆರ್ಸೆನಿಕ್ ಬೇರೆ ಇದೆ. ಅದು ಕತ್ತಲ ಡಬ್ಬಿಗೆ ಹೋಯಿತು. ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು. ಇಷ್ಟು ಬಿಟ್ಟರೆ ಉಳಿದದ್ದೆಲ್ಲ ಕಾಯುತ್ತದೆ. ‘ಬೇಗ ಮಾರದಿದ್ದರೆ ನಷ್ಟ’ ಎಂಬ ಮಗನ ಒತ್ತಡಕ್ಕೆ ಇಲ್ಲಿ ಆಧಾರವಿಲ್ಲ ಎಂದು ತಾಯಿಗೆ ತಿಳಿದದ್ದೇ ಅರ್ಧ ನಿದ್ದೆ ಮರಳಿಸಿತು.

ಮೂರು ಕಾಗದ, ಮೂರು ಬೆಲೆ

ಮೂರನೆಯ ಭೇಟಿಗೆ ಮಕ್ಕಳನ್ನೂ ಕರೆಸಿದೆವು. ಮಗಳು ಕೂತ ಕೂಡಲೇ, “ಅಣ್ಣ ಆ ವ್ಯಾಪಾರಿ ಜತೆ ಸೇರ್ಕೊಂಡಿದ್ದಾನೆ” ಎಂದರು. ಮಗ, “ನಿನಗೆ ಲೆಕ್ಕ ಬೇಕಿಲ್ಲ, ಜಗಳ ಬೇಕು” ಎಂದರು. ಇಬ್ಬರ ಕೈಯಲ್ಲೂ ಕಾಗದಗಳಿದ್ದವು. ಮೇಜಿನ ಮೇಲೆ ಹರಡಿಸಿ ನೋಡಿದಾಗ ಜಗಳದ ಬೇರು ಅಲ್ಲೇ ಸಿಕ್ಕಿತು.

ಒಂದು, ಅಪ್ಪ ಮಾಡಿಸಿಟ್ಟ ವಿಮೆಯ ಮೌಲ್ಯಮಾಪನ. ವಸ್ತು ಕಳುವಾದರೆ ಅಂಗಡಿಯಲ್ಲಿ ಅಂಥದೇ ಇನ್ನೊಂದನ್ನು ಕೊಳ್ಳಲು ಎಷ್ಟಾಗುತ್ತದೆ ಎಂಬ ಲೆಕ್ಕ ಅದು. ಅಂಗಡಿಯವರ ಲಾಭವೂ ಸೇರಿ ಅತಿ ಹೆಚ್ಚಿರುತ್ತದೆ. ಎರಡನೆಯದು ಹರಾಜು ಮನೆಯ ಅಂದಾಜು: ಪೈಪೋಟಿಯಲ್ಲಿ ಇಷ್ಟರಿಂದ ಇಷ್ಟರೊಳಗೆ ಕೂಗು ನಿಲ್ಲಬಹುದೆಂಬ ಊಹೆ. ಮೂರನೆಯದು ವ್ಯಾಪಾರಿ ಕೈಮೇಲೆ ಕೊಡುವ ಹಣ. ಅವರು ಅದನ್ನು ಮತ್ತೆ ಮಾರಬೇಕು, ಬಂಡವಾಳ ಕಟ್ಟಿಹಾಕಬೇಕು, ಹಾಗಾಗಿ ಎಲ್ಲಕ್ಕಿಂತ ಕಡಿಮೆ. ಮಗಳು ಮೊದಲ ಕಾಗದ ಹಿಡಿದು, ಮಗ ಮೂರನೆಯದನ್ನು ಹಿಡಿದು ಒಬ್ಬರನ್ನೊಬ್ಬರು ಕಳ್ಳರೆಂದು ಭಾವಿಸಿದ್ದರು. ಮೂರೂ ಕಾಗದ ತಮ್ಮ ತಮ್ಮ ಮಟ್ಟಿಗೆ ಸರಿಯೇ.

ಮಗನಿಗೂ ಒಂದು ಭ್ರಮೆಯಿತ್ತು. 2017ರಲ್ಲಿ ನ್ಯೂಯಾರ್ಕಿನಲ್ಲಿ ಫಿಲಿಪ್ಸ್ ಹರಾಜಿನಲ್ಲಿ ನಟ ಪಾಲ್ ನ್ಯೂಮನ್ ಅವರ ರೋಲೆಕ್ಸ್ ಡೇಟೋನಾ 1.77 ಕೋಟಿ ಡಾಲರಿಗೆ ಹೋದದ್ದನ್ನು ಓದಿ, ಅಪ್ಪನ ಅದೇ ಕಂಪನಿಯ ಗಡಿಯಾರದ ಮೇಲೆ ಆಸೆ ಇಟ್ಟುಕೊಂಡಿದ್ದರು. ಆ ಹಣ ಬಂದದ್ದು ಲೋಹಕ್ಕಲ್ಲ; ಹುಷಾರಾಗಿ ಗಾಡಿ ಓಡಿಸು ಎಂದು ಹೆಂಡತಿ ಹಿಂಬದಿಯಲ್ಲಿ ಕೆತ್ತಿಸಿಕೊಟ್ಟ, ಅವರೇ ಕಟ್ಟಿಕೊಂಡಿದ್ದ ಗಡಿಯಾರ ಎಂಬ ಗಟ್ಟಿ ದಾಖಲೆಗೆ. ಇನ್ನೊಂದು ಸೂಕ್ಷ್ಮವಿದೆ. ದೊಡ್ಡ ಹರಾಜು ಮನೆಗಳು ಪ್ರಕಟಿಸುವ ಮಾರಾಟದ ಬೆಲೆಯಲ್ಲಿ ಕೊಂಡವರು ಹರಾಜು ಮನೆಗೆ ಮೇಲಿಂದ ಕೊಡುವ ಶುಲ್ಕ, ಅಂದರೆ ಪ್ರೀಮಿಯಂ ಸೇರಿರುತ್ತದೆ, ಹರಾಜಿಗೆ ಮುಂಚಿನ ಅಂದಾಜಿನಲ್ಲಿ ಸೇರಿರುವುದಿಲ್ಲ. ಸುತ್ತಿಗೆ ಬಿದ್ದ ಬೆಲೆ, ಅಂದರೆ ಕೊನೆಯ ಕೂಗು, 100 ಎಂದುಕೊಳ್ಳಿ. ಪ್ರೀಮಿಯಂ ಶೇ 25 ಆದರೆ ಕೊಂಡವರು ಕೊಡುವುದು 125. ಮಾರುವವರ ಕಮಿಷನ್ 10, ಫೋಟೊ ಮತ್ತು ವಿಮೆಗೆ 3 ಹೋದರೆ ನಿಮ್ಮ ಕೈಗೆ 87. ಪತ್ರಿಕೆಯಲ್ಲಿ 125 ಓದಿದವರಿಗೆ 87 ಬಂದಾಗ ಮೋಸವಾಯಿತೆಂದೇ ಅನ್ನಿಸುತ್ತದೆ. ಈ ಲೆಕ್ಕವನ್ನು ಮೂವರ ಕೈಯಲ್ಲೂ ಒಮ್ಮೆ ಬರೆಸಿದೆವು.

ತಮ್ಮದಾದ ವಸ್ತುವಿಗೆ ಜನ ಹೆಚ್ಚು ಬೆಲೆ ಕಟ್ಟುವುದು ಸಹಜ. 1990ರಲ್ಲಿ ಸಂಶೋಧಕರಾದ ಕಾನೆಮನ್, ನೆಚ್ ಮತ್ತು ಥೇಲರ್ ಪ್ರಕಟಿಸಿದ ಪ್ರಯೋಗದಲ್ಲಿ ಆಗಷ್ಟೇ ಪುಕ್ಕಟೆ ಸಿಕ್ಕ ಕಾಫಿ ಮಗ್ಗಿಗೂ ಅದರ ಒಡೆಯರು, ಕೊಳ್ಳುವವರು ಕೊಡಲೊಪ್ಪಿದ್ದಕ್ಕಿಂತ ಎರಡು ಪಟ್ಟಿನಷ್ಟು ಕೇಳಿದ್ದರು. ಅಪ್ಪ ಬದುಕಿಡೀ ಕೂಡಿಸಿದ್ದಕ್ಕೆ ಮಗಳು ಕಟ್ಟುವ ಬೆಲೆಯನ್ನು ದುರಾಸೆ ಎನ್ನುವುದು ಅನ್ಯಾಯ.

ಉಳಿಸಿಕೊಳ್ಳುವುದು ಮೊದಲು, ಬೆಲೆ ಆಮೇಲೆ

ನಮ್ಮ ಮುಖ್ಯ ಸಲಹೆ ಇದು: ಹರಾಜು ಮನೆಯವರು ಬಂದು ಒಂದೊಂದಕ್ಕೂ ಬೆಲೆ ಕಟ್ಟುವ ಮೊದಲೇ, ಮೂವರೂ ಸರದಿಯಲ್ಲಿ ಒಂದೊಂದು ವಸ್ತು ಆರಿಸಬೇಕು. ತಲಾ ಐದು. ಬೆಲೆ ತಿಳಿದ ಮೇಲೆ ಆರಿಸಿದರೆ ಕೈ ಬೇಕೆಂದದ್ದು ಒಂದು, ಮನಸ್ಸು ಲೆಕ್ಕ ಹಾಕುವುದು ಇನ್ನೊಂದಾಗುತ್ತದೆ. ಆರಿಸಿದ್ದರಲ್ಲಿ ಒಂದು ಬಹಳ ದುಬಾರಿಯೆಂದು ಆಮೇಲೆ ಗೊತ್ತಾದರೆ ಹರಾಜು ಮನೆಯ ಅಂದಾಜಿನ ಕೆಳಮಿತಿಯ ಲೆಕ್ಕದಲ್ಲಿ ಅವರ ಪಾಲಿನಿಂದ ಕಳೆಯುವುದು. ಇದನ್ನೂ ಮೊದಲೇ ಬರೆದು ಮೂವರೂ ಸಹಿ ಹಾಕಿದರು.

ಮಗಳು ಆರಿಸಿದ್ದು ವಸ್ತುವನ್ನಲ್ಲ, ಅಪ್ಪನ ಕೈಬರಹದ ಚೀಟಿಗಳನ್ನು. ಇಲ್ಲಿ ನಿಜವಾದ ತೊಡಕು ಹುಟ್ಟಿತು. ಚೀಟಿ ಬಿಟ್ಟು ಕಲ್ಲು ಮಾರಿದರೆ ಕಲ್ಲಿಗೂ ಅನ್ಯಾಯ, ಅಪ್ಪನ ಶ್ರಮಕ್ಕೂ ಅನ್ಯಾಯ. ಮುಂದಿನ ಸಂಗ್ರಾಹಕರ ಬೀರುವಿನಲ್ಲಿ ಅವರ ಹೆಸರು ಉಳಿಯುವುದೇ ಆ ಚೀಟಿಯಿಂದ. ಹೀಗೆ ಹೇಳಿದಾಗ ಮಗಳು ಬಹಳ ಹೊತ್ತು ಯೋಚಿಸಿ ಒಪ್ಪಿದರು. ಮೂಲ ಚೀಟಿಗಳು ಮಾದರಿಗಳ ಜತೆ ಹೋಗುವುದು, ಎಲ್ಲದರ ಸ್ಕ್ಯಾನ್ ಪ್ರತಿ ಅವರಿಗೆ. ನೋಟ್‌ಬುಕ್ಕುಗಳು ಮೂಲದಲ್ಲೇ ಅವರ ಬಳಿ, ಬೇಕಾದ ಪುಟಗಳ ನಕಲು ಹರಾಜು ಮನೆಗೆ. ಅಣ್ಣನೇ ಸ್ಕ್ಯಾನ್ ಮಾಡಿಕೊಡುವುದಾಗಿ ಹೇಳಿದರು. ಆರು ವಾರದ ಮೌನ ಮುರಿದದ್ದು ಈ ಕೆಲಸದಲ್ಲಿ.

ಒಡವೆಗಳನ್ನು ಮೂರೂ ಜನ ಮಾರಲು ಒಪ್ಪಿದ್ದರು, ಆದರೆ ತೂಕಕ್ಕೆ ಕರಗಿಸುವ ಯೋಚನೆಯಲ್ಲಿದ್ದರು. ಹಾಗೆ ಮಾಡಬೇಡಿ ಎಂದೆವು. ಹಳೆಯ ಕಸುಬಿನ ಬೆಲೆ, ಮುದ್ರೆಯ ಬೆಲೆ, ಕಲ್ಲಿನ ಬೆಲೆ ಮೂರೂ ಕುಲುಮೆಯಲ್ಲಿ ಹೋಗುತ್ತವೆ. ಮುದ್ರೆಯಲ್ಲಿ 750 ಎಂದಿದ್ದರೆ 18 ಕ್ಯಾರಟ್ ಚಿನ್ನ, 916 ಎಂದಿದ್ದರೆ 22. ಪಚ್ಚೆಯ ಬಿರುಕುಗಳಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ, ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿದರೆ ಅದು ಹೊರಬಂದು ಬಿರುಕು ಎದ್ದು ಕಾಣುತ್ತದೆ. ಮುತ್ತು ಸಹಜದ್ದೋ ಕೃಷಿಯದ್ದೋ ಎಂದು ಕಣ್ಣಲ್ಲಿ ತೀರ್ಮಾನಿಸಲಾಗದು, ಪ್ರಯೋಗಾಲಯದ ಎಕ್ಸ್‌ರೇ ಬೇಕು. ದೊಡ್ಡ ಮಾಣಿಕ್ಯ, ನೀಲಗಳಿಗೆ ಬಣ್ಣ ಸುಧಾರಿಸಲು ಕಾಯಿಸಿದ್ದೇ, ಇಲ್ಲವೇ ಎಂಬ ವರದಿ ಮಾಡಿಸಿದ ಮೇಲೆಯೇ ಹರಾಜಿಗೆ ಕೊಡುವುದು ಲೇಸು. ದಂತ, ಆಮೆಚಿಪ್ಪು ಇರುವ ಒಡವೆಗೆ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ, 1975ರಿಂದ ಜಾರಿಯಲ್ಲಿರುವ ಸೈಟೀಸ್ ಒಪ್ಪಂದದ ನಿರ್ಬಂಧಗಳಿವೆ.

ಮಣ್ಣಿನ ಬೊಂಬೆಗಳನ್ನು ಹರಾಜಿಗೆ ಕೊಡಕೂಡದೆಂದು ಸ್ಪಷ್ಟವಾಗಿ ಹೇಳಿದೆವು. ಎಲ್ಲಿಂದ ಬಂದವು ಎಂಬುದಕ್ಕೆ ಒಂದು ರಸೀದಿಯೂ ಇರಲಿಲ್ಲ. ಪ್ರಾಚೀನ ವಸ್ತುಗಳ ಅಕ್ರಮ ಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದ 1970ರದು. ಆ ವರ್ಷಕ್ಕೆ ಮುಂಚೆಯೇ ವಸ್ತು ಮೂಲದೇಶ ಬಿಟ್ಟಿತ್ತು, ಇಲ್ಲವೇ ಆಮೇಲೆ ಕಾನೂನುಬದ್ಧವಾಗಿ ಬಂತು ಎಂಬ ದಾಖಲೆಯನ್ನು ಹೊಣೆಯರಿತ ಹರಾಜು ಮನೆಗಳು ಕೇಳುತ್ತವೆ. ವಕೀಲರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸುವುದೇ ದಾರಿ.

ಕರಾರು ಮತ್ತು ಹರಾಜಿನ ದಿನ

ಮುನ್ನೂರು ಖನಿಜವನ್ನು ಒಂದೇ ಲಾಟ್, ಅಂದರೆ ಒಟ್ಟಿಗೆ ಕೂಗುವ ಒಂದೇ ಗುಂಪು ಮಾಡಿದರೆ ಸಗಟು ವ್ಯಾಪಾರಿಯೊಬ್ಬರೇ ಗೆಲ್ಲುತ್ತಾರೆ. ಉತ್ತಮವಾದ ಮೂವತ್ತು ನಲವತ್ತನ್ನು ಬಿಡಿಬಿಡಿಯಾಗಿ, ಉಳಿದವನ್ನು ಗಣಿ ಅಥವಾ ಜಾತಿಯ ಪ್ರಕಾರ ಗುಂಪಾಗಿ ಇಡುವುದು ಒಳ್ಳೆಯದು. ಖನಿಜವನ್ನು ಖನಿಜ ಬಲ್ಲ ಮನೆಗೆ, ಗಡಿಯಾರವನ್ನು ಗಡಿಯಾರದ ಹರಾಜಿಗೆ ಕೊಡಬೇಕು. ಒಂದೇ ಮನೆಗೆ ಎಲ್ಲ ಕೊಡುವ ಸೌಕರ್ಯ ದುಬಾರಿ. ಸಹಿಗೆ ಮುಂಚೆ ಬರವಣಿಗೆಯಲ್ಲಿ ಪಡೆಯಬೇಕಾದ ಉತ್ತರಗಳು: ಕಮಿಷನ್ ಎಷ್ಟು, ಬೇರೆ ಖರ್ಚು ಯಾವುವು, ಸಾಗಣೆಯಲ್ಲಿ ಒಡೆದರೆ ಯಾರ ಹೊಣೆ, ಮಾರಾಟವಾಗದಿದ್ದರೆ ಶುಲ್ಕವಿದೆಯೇ, ಹಿಂತೆಗೆದರೆ ಎಷ್ಟು ದಂಡ, ಕೊಂಡವರು ಹಣ ಕೊಡದಿದ್ದರೆ ಏನು, ನಮಗೆ ಹಣ ಎಷ್ಟು ದಿನಕ್ಕೆ.

ಕನಿಷ್ಠ ಬೆಲೆ, ಅಂದರೆ ರಿಸರ್ವ್, ಸಾಮಾನ್ಯವಾಗಿ ಅಂದಾಜಿನ ಕೆಳಮಿತಿಯನ್ನು ಮೀರುವಂತಿಲ್ಲ. ಅದನ್ನು ಹರಾಜಿಗೆ ವಾರಗಳ ಮೊದಲೇ ತಣ್ಣಗೆ ಕೂತು ನಿಗದಿ ಮಾಡಿ, ಆಮೇಲೆ ಮುಟ್ಟಬಾರದು. ಆಸೆಯಿಂದ ಏರಿಸಿದರೆ ವಸ್ತು ಮಾರಾಟವಾಗದೆ ಉಳಿಯುತ್ತದೆ. ಹೀಗೆ ಉಳಿದದ್ದು ಎಲ್ಲರಿಗೂ ಗೊತ್ತಾಗಿ ಮುಂದಿನ ಸಲ ಕೂಗು ಇನ್ನೂ ಕೆಳಗಿಂದ ಶುರುವಾಗುತ್ತದೆ.

ಕೊನೆಯ ಭೇಟಿಯಲ್ಲಿ ತಾಯಿ ಸಣ್ಣ ದನಿಯಲ್ಲಿ ಕೇಳಿದರು: “ಅವರ ಜೇಬುಗಡಿಯಾರಕ್ಕೆ ನಾನೇ ಬಿಡ್ ಹಾಕಿ ವಾಪಸು ತಗೊಳ್ಳಬಹುದಾ?” ತಮ್ಮ ವಸ್ತುವಿಗೆ ತಾವೇ ಕೂಗುವುದನ್ನು ಕರಾರುಗಳು ನಿಷೇಧಿಸುತ್ತವೆ, ಬೇರೆಯವರಿಂದ ಕೂಗಿಸಿದರೆ ವಂಚನೆಯಾಗುತ್ತದೆ. ಆದರೆ ಆ ಪ್ರಶ್ನೆಯೇ ಉತ್ತರವಾಗಿತ್ತು: ಅದನ್ನು ಮಾರಬಾರದು. ಕ್ಯಾಟಲಾಗ್ ಇನ್ನೂ ಅಚ್ಚಿಗೆ ಹೋಗಿರಲಿಲ್ಲ, ದಂಡವಿಲ್ಲದೆ ಹಿಂತೆಗೆದರು. ಹರಾಜನ್ನು ಅವರು ನೇರಪ್ರಸಾರದಲ್ಲಿ ಒಂಟಿಯಾಗಿ ನೋಡಬಾರದು, ಮಕ್ಕಳಿಬ್ಬರೂ ಅಂದು ಜತೆಯಲ್ಲಿರಬೇಕು, ಫಲಿತಾಂಶವನ್ನು ಲಾಟ್ ಪ್ರಕಾರ ಮಾರನೆಯ ದಿನ ಓದಬೇಕು ಎಂದು ನಿಗದಿಯಾಯಿತು. ಮಾರಾಟವಾಗದೆ ಉಳಿದವನ್ನು ಅದೇ ವಾರ ಸಿಕ್ಕ ಬೆಲೆಗೆ ಬಿಟ್ಟುಕೊಡದೆ ಒಂದು ವರ್ಷದಷ್ಟಾದರೂ ಇಟ್ಟು, ಬೇರೆ ಹರಾಜಿಗೆ ಕಡಿಮೆ ರಿಸರ್ವ್‌ನಲ್ಲಿ ಕೊಡಲು ಹೇಳಿದ್ದೇವೆ. ಹಣ ಕೈಸೇರಿ ಪಾಲು ಹಂಚಿದ ಮೇಲೆ ಮೂವರೂ ಇನ್ನೊಮ್ಮೆ ಬರುತ್ತಾರೆ.