ಯುದ್ಧದಲ್ಲಿ ಸತ್ತವರ ಲೆಕ್ಕ ಒಬ್ಬೊಬ್ಬರದು ಒಂದೊಂದು ಯಾಕೆ?

ಪ್ರಶ್ನೆ: ಇರಾಕ್ ಯುದ್ಧದ ಮೊದಲ ಮೂರು ವರ್ಷದಲ್ಲಿ ಸತ್ತವರು 50 ಸಾವಿರ ಅಂತ ಒಬ್ಬರು, ಒಂದೂವರೆ ಲಕ್ಷ ಅಂತ ಇನ್ನೊಬ್ಬರು, ಆರೂವರೆ ಲಕ್ಷ ಅಂತ ಮತ್ತೊಬ್ಬರು ಬರೆಯುತ್ತಾರೆ. ಹೀಗಿರುವಾಗ ಯಾವುದನ್ನೂ ನಂಬದಿರುವುದೇ ಒಳ್ಳೆಯದಲ್ಲವೇ?

ಅಲ್ಲ. ಈ ಪ್ರಶ್ನೆ ಯುದ್ಧದ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ: ಯಾವುದನ್ನೂ ನಂಬುವುದು ಬೇಡ. ಸಿಟ್ಟು ಬರುವುದು ಆ ಸಾಲಿಗೆ. ಬಾಂಬು ಹಾಕಿದ ಸರ್ಕಾರಗಳಿಗೆ ಬೇಕಾಗಿರುವುದೂ ಅದೇ ಸಾಲು. ಲೆಕ್ಕವೇ ಗೊತ್ತಿಲ್ಲ ಎಂದಾದ ಮೇಲೆ ಯಾರನ್ನೂ ಏನನ್ನೂ ಕೇಳುವಂತಿಲ್ಲವಲ್ಲ.

ನೀವು ಹೇಳಿದ ಮೂರು ಸಂಖ್ಯೆಗಳು ಒಂದೇ ಪ್ರಶ್ನೆಗೆ ಕೊಟ್ಟ ಮೂರು ಉತ್ತರಗಳಲ್ಲ. ಮೊದಲನೆಯದು ಇರಾಕ್ ಬಾಡಿ ಕೌಂಟ್ ಎಂಬ ಗುಂಪಿನದು. ಪತ್ರಿಕೆ, ಸುದ್ದಿಸಂಸ್ಥೆ, ಶವಾಗಾರಗಳಿಂದ ಬಂದ ವರದಿಗಳನ್ನು ಘಟನೆ ಘಟನೆಯಾಗಿ ಕೂಡಿಸಿ ಬಂದದ್ದು. ಹಿಂಸೆಗೆ ಬಲಿಯಾದ ನಾಗರಿಕರು ಮಾತ್ರ ಅದರಲ್ಲಿದ್ದಾರೆ. ಯಾರೂ ವರದಿ ಮಾಡದೆ ಹೂತುಹೋದ ಸಾವು ಅದರಲ್ಲಿಲ್ಲ. ಹಾಗಾಗಿ ಅದು ಕನಿಷ್ಠ. 'ಇಷ್ಟಂತೂ ಆಗಿದೆ' ಎಂದು ಹೇಳಲು ಅದಕ್ಕಿಂತ ಗಟ್ಟಿ ಆಧಾರ ಬೇರೆ ಇಲ್ಲ. 'ಇಷ್ಟೇ ಆಗಿದ್ದು' ಎನ್ನಲು ಅದನ್ನು ಬಳಸುವವರು ಮೋಸ ಮಾಡುತ್ತಿದ್ದಾರೆ.

ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇರಾಕಿನ ಆರೋಗ್ಯ ಸಚಿವಾಲಯ 9,345 ಮನೆಗಳಲ್ಲಿ ಕೇಳಿ ಮಾಡಿದ ಸಮೀಕ್ಷೆ. 2003ರ ಮಾರ್ಚ್‌ನಿಂದ 2006ರ ಜೂನ್‌ವರೆಗೆ ಹಿಂಸೆಯಿಂದ ಸತ್ತವರು, ಸೈನಿಕ ನಾಗರಿಕ ಭೇದವಿಲ್ಲದೆ, 1,51,000. ವ್ಯಾಪ್ತಿ, ಅಂದರೆ ನಿಜ ಸಂಖ್ಯೆ ಇರಬಹುದಾದ ಕೆಳಗಿನ ಮತ್ತು ಮೇಲಿನ ಮಿತಿ, 1,04,000ದಿಂದ 2,23,000. ಮೂರನೆಯದು 2006ರ ಅಕ್ಟೋಬರ್‌ನಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇನ್ನೊಂದು ಸಮೀಕ್ಷೆ. 47 ಜಾಗ, 1,849 ಮನೆ, 12,801 ಜನ. ಬಂದ ಸಂಖ್ಯೆ 6,54,965. ವ್ಯಾಪ್ತಿ 3,92,979ರಿಂದ 9,42,636. ಇದು ಗುಂಡು ಬಾಂಬಿಗೆ ಸತ್ತವರ ಸಂಖ್ಯೆ ಮಾತ್ರವಲ್ಲ, 'ಹೆಚ್ಚುವರಿ ಸಾವು'. ಯುದ್ಧವಿಲ್ಲದಿದ್ದರೆ ಸಾಯದೇ ಇರುತ್ತಿದ್ದವರು, ಕಾರಣ ಯಾವುದೇ ಇರಲಿ.

ಈ ಹೆಚ್ಚುವರಿ ಲೆಕ್ಕ ಹೇಗೆ ಎಂಬುದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಲ್ಯಾನ್ಸೆಟ್ ಸಮೀಕ್ಷೆಯ ಪ್ರಕಾರ 2003ರ ಅಮೆರಿಕದ ದಾಳಿಗೆ ಮೊದಲು ವರ್ಷಕ್ಕೆ ಸಾವಿರಕ್ಕೆ 5.5 ಸಾವು, ಆಮೇಲೆ 13.3. ವ್ಯತ್ಯಾಸ 7.8. ಅದನ್ನು ಎರಡೂವರೆ ಕೋಟಿ ದಾಟಿದ ಜನಸಂಖ್ಯೆಗೂ ಮೂರೂ ಕಾಲು ವರ್ಷಕ್ಕೂ ಗುಣಿಸಿದರೆ ಆರೂವರೆ ಲಕ್ಷದ ಆಸುಪಾಸಿಗೆ ಬರುತ್ತೀರಿ. ಈಗ ತಪ್ಪು ಎಲ್ಲಿ ನುಸುಳುತ್ತದೆ ನೋಡಿ. ಸಮೀಕ್ಷೆ ಮಾಡಿದ ಮನೆಗಳಲ್ಲಿ ದಾಳಿಯ ನಂತರ ಹಿಂಸೆಯಿಂದ ಸತ್ತವರು 300 ಮಂದಿ. ಅಂದರೆ ಹೊಸ್ತಿಲಲ್ಲಿ ನಿಂತು ಬರೆದುಕೊಂಡ ಒಂದೊಂದು ಸಾವು ದೇಶದ ಲೆಕ್ಕದಲ್ಲಿ 2,000 ಸಾವಾಗುತ್ತದೆ. ಆರಿಸಿದ ಬೀದಿ ಮುಖ್ಯರಸ್ತೆಗೆ, ಮಾರುಕಟ್ಟೆಗೆ ಹತ್ತಿರವಿದ್ದರೆ ಕಾರ್ ಬಾಂಬಿಗೆ ಸತ್ತವರು ಹೆಚ್ಚು ಸಿಗುತ್ತಾರೆ, ಸಂಖ್ಯೆ ಉಬ್ಬುತ್ತದೆ. ಟೀಕೆ ಬಂದದ್ದು ಮುಖ್ಯವಾಗಿ ಈ ಬೀದಿ ಆಯ್ಕೆಯ ಮೇಲೆ. ವಿಧಾನದ ಮೂಲ ವಿವರ ಕೊಡಲಿಲ್ಲ ಎಂದು ಅಮೆರಿಕದ ಸಮೀಕ್ಷಾ ತಜ್ಞರ ಸಂಘ 2009ರಲ್ಲಿ ಆ ಅಧ್ಯಯನದ ಮುಖ್ಯಸ್ಥರನ್ನು ಬಹಿರಂಗವಾಗಿ ಖಂಡಿಸಿತು. ನನ್ನ ಸಲಹೆ: 6,54,965 ಎಂಬ ಸಂಖ್ಯೆಯನ್ನು ಅದರ ವ್ಯಾಪ್ತಿಯಿಲ್ಲದೆ ಎಲ್ಲೂ ಬರೆಯಬೇಡಿ. ಕೊನೆಯ ಅಂಕಿಯವರೆಗೆ ನಿಖರವಾಗಿ ಕಾಣುವುದು ಗಣಿತದ ಗುಣವೇ ಹೊರತು ತಿಳಿವಳಿಕೆಯದಲ್ಲ.

ಹಾಗಂತ ಒಂದೂವರೆ ಲಕ್ಷವನ್ನು ಕಣ್ಣಿಗೊತ್ತಿಕೊಳ್ಳಬೇಕಾಗಿಲ್ಲ. ಆ ಸಮೀಕ್ಷೆಯವರು ಹೋಗಬೇಕಿದ್ದ ಜಾಗಗಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಕಡೆ ಹೋಗಲಾಗಲಿಲ್ಲ. ಅವೇ ಅತಿ ಅಪಾಯದ ಜಾಗಗಳು. ಅಲ್ಲಿನ ಸಾವನ್ನು ಬೇರೆ ಮೂಲದ ಅನುಪಾತದಿಂದ ತುಂಬಿಸಲಾಯಿತು. ಕೇಳಲು ಬಂದವರು ಸರ್ಕಾರಿ ನೌಕರರು. ಸಮವಸ್ತ್ರ ತೊಟ್ಟವರು ಮಗನನ್ನು ಎಳೆದುಕೊಂಡು ಹೋದರು ಎಂದು ಸರ್ಕಾರದ ಕಡೆಯಿಂದ ಬಂದವರ ಮುಂದೆ ಬಾಯಿಬಿಡುವ ತಾಯಿ ಎಷ್ಟು ಜನ? ಈ ಸಂಖ್ಯೆ ಕಡಿಮೆಯ ಕಡೆಗೇ ವಾಲಿದೆ ಎಂದು ನಾನು ಓದುತ್ತೇನೆ.

ಹೆಚ್ಚುವರಿ ಸಾವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ವಿದ್ಯುತ್ ಕೇಂದ್ರಕ್ಕೆ ಬಾಂಬು ಬಿದ್ದರೆ ಪಂಪು ನಿಲ್ಲುತ್ತದೆ, ನೀರಿಗೆ ಕ್ಲೋರಿನ್ ಬೆರೆಯುವುದು ನಿಲ್ಲುತ್ತದೆ, ಕೆಲವೇ ವಾರದಲ್ಲಿ ಭೇದಿ ಮಕ್ಕಳನ್ನು ಹಿಡಿಯುತ್ತದೆ. ಡಯಾಲಿಸಿಸ್ ಯಂತ್ರ ನಿಂತರೆ ಕೆಲವರಿಗೆ ಒಂದು ವಾರವೂ ಉಳಿಯುವುದಿಲ್ಲ. ಯೆಮೆನ್‌ನಲ್ಲಿ 2021ರ ಕೊನೆಯ ಹೊತ್ತಿಗೆ 3,77,000 ಸಾವು ಎಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜು ಮಾಡಿತು. ಅದರಲ್ಲಿ ನೂರಕ್ಕೆ ಸುಮಾರು 60 ಭಾಗ ಹಸಿವು, ರೋಗ, ಚಿಕಿತ್ಸೆ ಸಿಗದಿದ್ದುದರಿಂದ ಆದದ್ದು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು.

ಆದರೆ ಇಲ್ಲೇ ದೊಡ್ಡ ಹೊಂಡವೂ ಇದೆ: ಯುದ್ಧಕ್ಕೆ ಮೊದಲಿನ ಸಾವಿನ ದರ. ಕಾಂಗೋದಲ್ಲಿ 1998ರಿಂದ 2007ರವರೆಗೆ 54 ಲಕ್ಷ ಎಂಬ ಪ್ರಸಿದ್ಧ ಸಂಖ್ಯೆ ಬಂದದ್ದು ಸಹಾರಾದ ದಕ್ಷಿಣದ ಆಫ್ರಿಕಾದ ಸರಾಸರಿ ದರವನ್ನು ಆಧಾರವಾಗಿಟ್ಟುಕೊಂಡು. ಯುದ್ಧಕ್ಕೆ ಮೊದಲೇ ಕಾಂಗೋದ ಸ್ಥಿತಿ ಆ ಸರಾಸರಿಗಿಂತ ಕೆಟ್ಟದಾಗಿತ್ತು ಎಂದು ಇತರ ಸಂಶೋಧಕರು ತಕರಾರು ತೆಗೆದರು. ಆಧಾರದ ದರ ತುಸು ಏರಿಸಿದರೆ ಸಾಕು, ಹೆಚ್ಚುವರಿ ಸಾವಿನಲ್ಲಿ ಲಕ್ಷಗಟ್ಟಲೆ ಕರಗುತ್ತದೆ.

ಇದಕ್ಕಿಂತ ಕೆಟ್ಟದ್ದು ಬರೀ ಗುಣಾಕಾರ. 2024ರ ಜುಲೈಯಲ್ಲಿ 'ಗಾಜಾದಲ್ಲಿ 1,86,000 ಸಾವು ಎಂದು ಲ್ಯಾನ್ಸೆಟ್ ಅಧ್ಯಯನ' ಎಂದು ಎಲ್ಲೆಡೆ ಹರಿದಾಡಿತು. ಅದು ಅಧ್ಯಯನವಲ್ಲ, ಪತ್ರಿಕೆಗೆ ಬರೆದ ಪತ್ರ. ಆಗ ದಾಖಲಾಗಿದ್ದ 37,396 ಸಾವಿಗೆ, ಒಂದು ನೇರ ಸಾವಿಗೆ ನಾಲ್ಕು ಪರೋಕ್ಷ ಸಾವು ಎಂಬ ಅನುಪಾತ ಹಚ್ಚಿ, ಕೊನೆಗೆ ಇಷ್ಟಾಗಬಹುದು ಎಂದಿತ್ತು. ಅದನ್ನು 'ಈಗಾಗಲೇ ಸತ್ತಿದ್ದಾರೆ' ಎಂದು ಹಂಚಿದವರು ಗಾಜಾದ ಜನರಿಗೆ ಉಪಕಾರ ಮಾಡಲಿಲ್ಲ. ಅಲ್ಲಗಳೆಯುವವರ ಕೈಗೆ ಕಲ್ಲು ಕೊಟ್ಟರು. ಸರಿಯಾದ ಕೆಲಸ 2025ರ ಜನವರಿಯಲ್ಲಿ ಅದೇ ಪತ್ರಿಕೆಯಲ್ಲಿ ಬಂತು: 2024ರ ಜೂನ್ 30ರವರೆಗೆ ಗಾಯದಿಂದಲೇ ಸತ್ತವರು 64,260, ವ್ಯಾಪ್ತಿ 55,298ರಿಂದ 78,525. ಗಾಜಾದ ಆರೋಗ್ಯ ಸಚಿವಾಲಯದ ಪಟ್ಟಿ ಉಬ್ಬಿಸಿದ್ದು ಎಂದು ಕೂಗಿದವರಿಗೆ ಇದು ಉತ್ತರ. ಪಟ್ಟಿ ಕಡಿಮೆಯೇ ಹೇಳುತ್ತಿತ್ತು.

ಆ ಲೆಕ್ಕದ ಹಿಂದಿನ ಉಪಾಯ ಸರಳ. ಬೇರೆ ಬೇರೆಯವರು ಮಾಡಿದ ಎರಡು ಪಟ್ಟಿ ಇವೆ ಎನ್ನಿ. ಒಂದರಲ್ಲಿ 300 ಹೆಸರು, ಇನ್ನೊಂದರಲ್ಲಿ 200, ಎರಡರಲ್ಲೂ ಇರುವವರು 60. ಎರಡನೇ ಪಟ್ಟಿಯ 200ರಲ್ಲಿ 60 ಮಂದಿ ಮೊದಲ ಪಟ್ಟಿಗೂ ಸಿಕ್ಕಿದ್ದಾರೆ, ಅಂದರೆ ಮೊದಲ ಪಟ್ಟಿ ಹಿಡಿದದ್ದು ನೂರಕ್ಕೆ 30. ಹಾಗಾದರೆ 300 ಎಂಬುದು ಒಟ್ಟಿನ 30 ಭಾಗ, ಒಟ್ಟು 1,000. ಪಟ್ಟಿಗಳು ಒಂದನ್ನೊಂದು ನೋಡಿ ಬರೆದದ್ದಾದರೆ ಹೊಂದಿಕೆ ಕೃತಕವಾಗಿ ಹೆಚ್ಚಿ, ಒಟ್ಟು ಕಡಿಮೆ ಬರುತ್ತದೆ. ಅದಕ್ಕೇ ಮೂರೋ ನಾಲ್ಕೋ ಪಟ್ಟಿ ಇದ್ದರೆ ಒಳ್ಳೆಯದು. ಸಿರಿಯಾಕ್ಕೆ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಎಂಟು ಮೂಲ ಬಳಸಿತು: ಹತ್ತು ವರ್ಷದಲ್ಲಿ ಹೆಸರು, ದಿನ, ಜಾಗ ಸಮೇತ ದಾಖಲಾದ ನಾಗರಿಕರು 1,43,350, ಅಂದಾಜಿನ ಒಟ್ಟು 3,06,887.

ಇವೆಲ್ಲದರಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು 1992-95ರ ಬೋಸ್ನಿಯಾ ಯುದ್ಧದ ಪಟ್ಟಿಯನ್ನು. ಎರಡು ಲಕ್ಷ, ಎರಡೂವರೆ ಲಕ್ಷ ಎಂದು ವರ್ಷಗಟ್ಟಲೆ ಹೇಳುತ್ತಿದ್ದರು. ಸರಾಯೆವೋದ ಸಂಶೋಧಕರು ಒಂದೊಂದೇ ಹೆಸರು ಹಿಡಿದು ಕೂತರು. ಬೇಸರದ ಕೆಲಸ: ಒಬ್ಬನೇ ಮನುಷ್ಯ ಸೇನೆಯ ಪಟ್ಟಿಯಲ್ಲಿ ಒಂದು ಕಾಗುಣಿತದಲ್ಲಿ, ಸ್ಮಶಾನದ ಪುಸ್ತಕದಲ್ಲಿ ಇನ್ನೊಂದರಲ್ಲಿ, ಪತ್ರಿಕೆಯಲ್ಲಿ ಅಡ್ಡಹೆಸರಿನಲ್ಲಿ ಇರುತ್ತಾನೆ. ತಂದೆಯ ಹೆಸರು, ಹುಟ್ಟಿದ ವರ್ಷ, ಊರು ತಾಳೆ ಹಾಕದಿದ್ದರೆ ಅವನು ಮೂರು ಸಲ ಸಾಯುತ್ತಾನೆ. ಕೊನೆಗೆ ಉಳಿದದ್ದು 95,940: ಯೋಧರು 57,701, ನಾಗರಿಕರು 38,239. ಸಂಖ್ಯೆ ಇಳಿಯಿತು ಎಂದು ಕೆಲವರಿಗೆ ನೋವಾಯಿತು. ಆದರೆ ಆಮೇಲೆ ಆ ಪಟ್ಟಿಯನ್ನು ಸುಳ್ಳೆನ್ನಲು ಬಂದವರು ಒಂದೊಂದು ಹೆಸರಿನ ಮುಂದೆಯೂ ನಿಂತು ಸುಳ್ಳೆನ್ನಬೇಕಾಯಿತು. ಬೋಸ್ನಿಯಾದ ಸ್ರೆಬ್ರೆನಿಟ್ಸಾ ಪಟ್ಟಣದಲ್ಲಿ ಸರ್ಬ್ ಪಡೆಗಳು 1995ರ ಜುಲೈಯಲ್ಲಿ ಕೊಂದ 8,000ಕ್ಕೂ ಹೆಚ್ಚು ಜನರನ್ನು ಹೂತು, ಸಾಕ್ಷ್ಯ ಮುಚ್ಚಲು ಬುಲ್ಡೋಜರಿನಿಂದ ಅಗೆದು ಬೇರೆ ಗುಂಡಿಗಳಿಗೆ ಸಾಗಿಸಿದ್ದರು. ಒಬ್ಬನ ಮೂಳೆಗಳು ಹಲವು ಗುಂಡಿಗಳಲ್ಲಿ ಸಿಕ್ಕವು. ಬಂಧುಗಳ ರಕ್ತದ ಡಿಎನ್ಎ ಜೊತೆ ಮೂಳೆಯ ಡಿಎನ್ಎ ಹೋಲಿಸಿ ಸುಮಾರು 7,000 ಮಂದಿಗೆ ಹೆಸರು ಮರಳಿ ಕೊಡಲಾಗಿದೆ.

ಅಂದರೆ ಎಣಿಸಲು ಬರುತ್ತದೆ. ಎಣಿಸದಿರುವುದು ಒಂದು ನಿರ್ಧಾರ, ಅದನ್ನು ತೆಗೆದುಕೊಳ್ಳುವವರು ಕುರ್ಚಿಯಲ್ಲಿರುವವರು. ಇರಾಕ್ ಯುದ್ಧದ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಚಿಲ್ಕಾಟ್ ವಿಚಾರಣೆಯ ವರದಿ 2016ರಲ್ಲಿ ಬಂತು. ನಾಗರಿಕ ಸಾವುಗಳ ಸಂಖ್ಯೆ ಕಂಡುಹಿಡಿಯಲು ಹಾಕಿದ ಶ್ರಮಕ್ಕಿಂತ, ಆ ಕೆಲಸ ಯಾವ ಇಲಾಖೆಯದು ಎಂದು ಚರ್ಚಿಸಲು ಹೆಚ್ಚು ಸಮಯ ಹೋಯಿತು ಎಂದು ಅದು ಬರೆದಿದೆ. ಅಮೆರಿಕದಲ್ಲಿ ಯುದ್ಧಭೂಮಿಯ ಹೊರಗಿನ ವಾಯುದಾಳಿಗಳಲ್ಲಿ ಸತ್ತವರ ಸಂಖ್ಯೆಯನ್ನು ಪ್ರತಿ ವರ್ಷ ಪ್ರಕಟಿಸಬೇಕೆಂದು ಒಬಾಮಾ 2016ರಲ್ಲಿ ಆದೇಶಿಸಿದರು. 2019ರ ಮಾರ್ಚ್‌ನಲ್ಲಿ ಟ್ರಂಪ್ ಆ ಭಾಗವನ್ನು ರದ್ದು ಮಾಡಿದರು. 'ಗೊತ್ತಿಲ್ಲ' ಎಂಬ ಉತ್ತರ ಹೀಗೆ ತಯಾರಾಗುತ್ತದೆ.

ಇನ್ನು ಮುಂದೆ ಯಾವುದೇ ಸಂಖ್ಯೆ ಕಂಡರೆ ಕೇಳಬೇಕಾದ್ದು ಇಷ್ಟು: ಯಾವ ದಿನದಿಂದ ಯಾವ ದಿನದವರೆಗೆ? ಹಿಂಸೆಯ ಸಾವೋ, ಎಲ್ಲ ಸಾವೋ? ಯೋಧರು ಸೇರಿದ್ದಾರೋ? ಹೆಸರಿನ ಪಟ್ಟಿಯೋ, ಅಂದಾಜೋ. ಅಂದಾಜಾದರೆ ವ್ಯಾಪ್ತಿ ಎಲ್ಲಿ? ಉತ್ತರ ಸಿಗದ ಸಂಖ್ಯೆಯನ್ನು ಮುಂದಕ್ಕೆ ಕಳಿಸಬೇಡಿ, ಅದು ನಿಮ್ಮ ಪಕ್ಷಕ್ಕೆ ಎಷ್ಟೇ ಅನುಕೂಲವಾಗಿರಲಿ.

ಪ್ರಶ್ನೆ: ಆಧುನಿಕ ಯುದ್ಧದಲ್ಲಿ ಸಾಯುವವರಲ್ಲಿ ನೂರಕ್ಕೆ 90 ನಾಗರಿಕರಂತೆ?

ಸುಳ್ಳು. 1990ರ ದಶಕದ ಆರಂಭದಲ್ಲಿ ನಿರಾಶ್ರಿತರನ್ನೂ ಸೇರಿಸಿ ಕೊಟ್ಟ ಸಂಖ್ಯೆಯನ್ನು 'ಸತ್ತವರು' ಎಂದು ತಪ್ಪಾಗಿ ಉಲ್ಲೇಖಿಸಿದ್ದು ದೊಡ್ಡ ದೊಡ್ಡ ವರದಿಗಳಿಗೂ ಹತ್ತಿತು. ಬೋಸ್ನಿಯಾದಲ್ಲಿ ನೂರಕ್ಕೆ 40. ಪ್ರತಿ ಯುದ್ಧಕ್ಕೂ ಅದರದೇ ಪ್ರಮಾಣ ಇರುತ್ತದೆ.

ಪ್ರಶ್ನೆ: ಈಗ ನಿಖರ ಶಸ್ತ್ರಾಸ್ತ್ರಗಳಿವೆ. ನಾಗರಿಕರ ಸಾವು ತಪ್ಪಬೇಕಲ್ಲವೇ?

ಟಿವಿ ಸ್ಟುಡಿಯೋದ 'ರಕ್ಷಣಾ ತಜ್ಞರು' ಹೇಳದ ಎರಡು ಮಾತು. ಒಂದು, 'ಐದು ಮೀಟರ್ ನಿಖರತೆ' ಎಂದರೆ ಅರ್ಧದಷ್ಟು ಬಾಂಬು ಆ ಐದು ಮೀಟರಿನ ಒಳಗೆ ಬೀಳುತ್ತವೆ ಎಂದು, ಉಳಿದರ್ಧ ಹೊರಗೆ. ಅದೂ ಅಲ್ಲದೆ ನಿಖರತೆ ಬಾಂಬಿನ ಗಾತ್ರವನ್ನು ಕಿರಿದು ಮಾಡುವುದಿಲ್ಲ. 2,000 ಪೌಂಡಿನ ಮಾರ್ಕ್-84ರಲ್ಲಿ 400 ಕಿಲೋಗೂ ಹೆಚ್ಚು ಸ್ಫೋಟಕವಿದೆ. ಅದು ಗುರಿಯ ನಟ್ಟನಡುವೆ ಬಿದ್ದರೂ ಚೂರುಗಳು ನೂರಾರು ಮೀಟರ್ ಹಾರುತ್ತವೆ. ಎರಡು, ಗುರಿಯ ಆಯ್ಕೆಯೇ ತಪ್ಪಾಗಿದ್ದರೆ ನಿಖರತೆ ಯಾರನ್ನೂ ಉಳಿಸುವುದಿಲ್ಲ. ಕಾಬೂಲ್‌ನಲ್ಲಿ 2021ರ ಆಗಸ್ಟ್ 29ರಂದು ಅಮೆರಿಕದ ಡ್ರೋನ್ ಹಾರಿಸಿದ ಕ್ಷಿಪಣಿ ಗುರಿಯಿಟ್ಟ ಬಿಳಿ ಕಾರಿಗೇ ಬಿತ್ತು. ಕಾರು ಓಡಿಸುತ್ತಿದ್ದವನು ನೆರವು ಸಂಸ್ಥೆಯ ನೌಕರ. ಸ್ಫೋಟಕ ಎಂದುಕೊಂಡದ್ದು ನೀರಿನ ಕ್ಯಾನು. ಸತ್ತವರು 10 ಮಂದಿ, ಅವರಲ್ಲಿ 7 ಮಕ್ಕಳು. ಪತ್ರಕರ್ತರು ಬಯಲು ಮಾಡಿದ ಮೇಲೆ, ಸೆಪ್ಟೆಂಬರ್ 17ರಂದು ಸೇನೆ ಒಪ್ಪಿಕೊಂಡಿತು. ಯಾರಿಗೂ ಶಿಕ್ಷೆಯಾಗಲಿಲ್ಲ.

ಪ್ರಶ್ನೆ: ಶತ್ರು ನಾಗರಿಕರನ್ನೇ ಗುರಾಣಿ ಮಾಡಿಕೊಂಡರೆ ದಾಳಿ ಮಾಡಿದವರ ತಪ್ಪೇನು?

ಗುರಾಣಿ ಮಾಡಿಕೊಂಡದ್ದು ಯುದ್ಧಾಪರಾಧ. ಅದರಿಂದ ದಾಳಿ ಮಾಡುವವರ ಹೊಣೆ ಕಳೆಯುವುದಿಲ್ಲ; ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 51ನೇ ವಿಧಿಯ ಎಂಟನೇ ಉಪವಿಧಿ ಓದಿ.

ಪ್ರಶ್ನೆ: ಆದೇಶ ಕೊಟ್ಟ ಪ್ರಧಾನಿ, ಅಧ್ಯಕ್ಷರಿಗೆ ನಿಜಕ್ಕೂ ಶಿಕ್ಷೆ ಆಗುತ್ತದೆಯೇ?

ಆಗಿದ್ದುಂಟು, ಅಪರೂಪಕ್ಕೆ. ಲೈಬೀರಿಯಾದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷ ಸಜೆಯಾಯಿತು, ಅದೂ ಪಕ್ಕದ ಸಿಯೆರಾ ಲಿಯೋನ್‌ನ ಬಂಡುಕೋರರಿಗೆ ಆಯುಧ ಕೊಟ್ಟು ನೆರವಾದದ್ದಕ್ಕೆ, ಅವರ ದಾಳಿಗಳ ಯೋಜನೆಯಲ್ಲಿ ಪಾಲ್ಗೊಂಡದ್ದಕ್ಕೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನದ 27ನೇ ವಿಧಿ ಯಾವ ಪದವಿಗೂ ರಕ್ಷಣೆ ಕೊಡುವುದಿಲ್ಲ. ತೊಡಕಿರುವುದು 28ರಲ್ಲಿ. ಸೇನಾಧಿಕಾರಿಯಾದರೆ 'ತಿಳಿದಿರಬೇಕಿತ್ತು' ಎಂದು ತೋರಿಸಿದರೂ ಸಾಕು. ನಾಗರಿಕ ನಾಯಕನಾದರೆ ಅವನಿಗೆ ತಿಳಿದಿತ್ತು, ಇಲ್ಲವೇ ಸ್ಪಷ್ಟ ಮಾಹಿತಿ ಎದುರಿಗಿದ್ದೂ ಬೇಕೆಂದೇ ಕಡೆಗಣಿಸಿದ ಎಂದು ಸಾಬೀತು ಮಾಡಬೇಕು. ಸಾವಿನ ಲೆಕ್ಕವನ್ನೇ ಸಂಗ್ರಹಿಸದ ಸರ್ಕಾರದ ಮಂತ್ರಿಯ ಮೇಜಿಗೆ ಅಂಥ ಮಾಹಿತಿ ಬರುವುದೇ ಇಲ್ಲ. ಮೇಲೆ ಅಷ್ಟುದ್ದ ಬರೆದದ್ದು ಯಾಕೆಂದು ಈಗ ಗೊತ್ತಾಗಿರಬೇಕು.

ಆ ನ್ಯಾಯಾಲಯಕ್ಕೆ ಸ್ವಂತ ಪೊಲೀಸರಿಲ್ಲ. ಪುಟಿನ್ ಮೇಲೆ 2023ರ ಮಾರ್ಚ್‌ನಿಂದ, ನೆತನ್ಯಾಹು ಮೇಲೆ 2024ರ ನವೆಂಬರ್‌ನಿಂದ ವಾರಂಟ್ ಇದೆ. ಸದಸ್ಯ ರಾಷ್ಟ್ರವಾಗಿದ್ದೂ ಮಂಗೋಲಿಯಾ ಪುಟಿನ್ ಅವರನ್ನು 2024ರ ಸೆಪ್ಟೆಂಬರ್‌ನಲ್ಲಿ, ಹಂಗೇರಿ ನೆತನ್ಯಾಹು ಅವರನ್ನು 2025ರ ಏಪ್ರಿಲ್‌ನಲ್ಲಿ ಸ್ವಾಗತಿಸಿ ಕಳಿಸಿದವು.

ಪ್ರಶ್ನೆ: ದಾಳಿಯ ವಿಡಿಯೋಗಳು ಮೊಬೈಲಿಗೆ ಬರುತ್ತವೆ. ಅವು ಸಾಕ್ಷ್ಯವಾಗುತ್ತವೆಯೇ?

ಹತ್ತು ಕೈ ದಾಟಿ ಬಂದದ್ದು ಬಹುತೇಕ ಆಗುವುದಿಲ್ಲ. ಎಷ್ಟೋ ಸಲ ಅದು ವಿಡಿಯೋ ಗೇಮಿನ ತುಣುಕಾಗಿರುತ್ತದೆ. ಚಿತ್ರೀಕರಿಸಿದವರೇ ನಿಮಗೆ ಪರಿಚಿತರಾಗಿದ್ದರೆ ಮಾತು ಬೇರೆ. ಮೂಲ ಫೈಲನ್ನು ಕತ್ತರಿಸದೆ, ಹೆಸರು ಬದಲಿಸದೆ ಇಟ್ಟುಕೊಳ್ಳಲು ಹೇಳಿ. ಮೆಸೇಜಿಂಗ್ ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ದಿನ, ಸಮಯ, ಜಾಗದ ಗುರುತು ಅಳಿಸಿಹೋಗುತ್ತದೆ. ನಕಲನ್ನು ಬೇರೆ ಡ್ರೈವ್‌ನಲ್ಲಿಡಲಿ. ಎಲ್ಲಿ ನಿಂತು, ಯಾವ ದಿಕ್ಕಿಗೆ, ಎಷ್ಟು ಹೊತ್ತಿಗೆ ತೆಗೆದದ್ದು ಎಂದು ಅಂದೇ ಬರೆದಿಡಲಿ. ಸತ್ತವರ ಪೂರ್ತಿ ಹೆಸರು, ತಂದೆಯ ಹೆಸರು, ವಯಸ್ಸು ಇರಲಿ. ಬದುಕಿರುವ ಸಾಕ್ಷಿಯ ಹೆಸರು ಅದೇ ಹಾಳೆಯಲ್ಲಿ ಬೇಡ.