‘ಚಿಯರ್‌ಫುಲ್’ ಅನ್ನುವುದಕ್ಕೆ ಕನ್ನಡದಲ್ಲಿ ‘ಸಂತೋಷ’ ಅಂತ ಬರೆಯಬಹುದಾ?

ಬರೆಯಬೇಡಿ. ನಿವೃತ್ತರಾಗುತ್ತಿರುವ ಸಹೋದ್ಯೋಗಿಯ ಕಾರ್ಡಿನಲ್ಲಿ ‘ಸದಾ ಸಂತೋಷವಾಗಿರುವವರು’ ಅಂತ ಹಾಕಬೇಕು ಅಂದಿದ್ದೀರಿ. ಇದೇ ಪದದಿಂದ ನಾನು ನನ್ನ ಅಕ್ಕನ ಮನಸ್ಸು ನೋಯಿಸಿದ್ದೇನೆ.

ಭಾವ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅಷ್ಟು ದಿನ ಅಕ್ಕ ಕರೆದರೆ ಮಾತ್ರ ತಿರುಗಿ ನೋಡುತ್ತಿದ್ದಳು. ಒಂದು ಬೆಳಗ್ಗೆ ಒಣಗಿದ ಬಟ್ಟೆ ಮಡಿಸುತ್ತಾ ಸಣ್ಣಗೆ ಏನೋ ಗುನುಗುತ್ತಿದ್ದಳು. ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ನನಗೆ ಎಷ್ಟು ಹಿಗ್ಗಾಯಿತು ಅಂದರೆ, ಮನೆಗೆ ಬಂದಿದ್ದ ನೆಂಟರ ಮುಂದೆಯೇ "ನೋಡಿ, ಅಕ್ಕ ಈಗ ಸಂತೋಷವಾಗಿದ್ದಾಳೆ" ಅಂದುಬಿಟ್ಟೆ. ಅವಳ ಕೈ ನಿಂತಿತು. ಅರ್ಧ ಮಡಿಸಿದ ಅಂಗಿ ತೊಡೆಯ ಮೇಲೇ ಉಳಿಯಿತು. "ಸಂತೋಷ ಪಡೋ ಅಂಥದ್ದು ನಂಗೇನಾಗಿದೆಯೋ?" ಅಂದಳು. ಆಮೇಲೆ ಎಷ್ಟೋ ವಾರ ಆ ಗುನುಗು ಕೇಳಲಿಲ್ಲ.

ತಪ್ಪು ಎಲ್ಲಿತ್ತು ಅಂದರೆ, ಸಂತೋಷಕ್ಕೆ ಒಂದು ಕಾರಣ ಬೇಕು. ಕೆಲಸ ಸಿಕ್ಕರೆ ಸಂತೋಷ, ದೂರದಲ್ಲಿರುವ ಮಗ ಬಂದರೆ ಸಂತೋಷ. ಸಂತೋಷವಾಗಿದ್ದಾಳೆ ಅಂದ ಕೂಡಲೇ ಯಾಕೆ, ಏನು ಸಿಕ್ಕಿತು ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ. ಗಂಡನನ್ನು ಕಳೆದುಕೊಂಡವಳು ಅದಕ್ಕೆ ಏನಂತ ಉತ್ತರ ಕೊಡಬೇಕು? ಅವಳ ದುಃಖ ಮುಗಿಯಿತು ಅಂತ ನಾನೇ ತೀರ್ಪು ಕೊಟ್ಟ ಹಾಗಾಯಿತು, ಅದೂ ನಾಲ್ಕು ಜನರ ಎದುರಿಗೆ. ನಾನು ಕಂಡಿದ್ದು ಗೆಲುವು. ಜ್ವರ ಬಿಟ್ಟ ಮಗುವನ್ನು ನೋಡಿ ‘ಇವತ್ತು ಗೆಲುವಾಗಿದೆ’ ಅನ್ನುತ್ತೇವಲ್ಲ, ಅದು. ಗೆಲುವು ಅಂದರೆ ಜಯವೂ ಹೌದು, ಮುಖ ಅರಳಿರುವುದೂ ಹೌದು. ಒಳಗೆ ದುಃಖ ಇದ್ದೂ ಮನುಷ್ಯ ಗೆಲುವಾಗಿರಬಹುದು.

ಬೇರೆ ಪದಗಳೂ ಇವೆ. ಹಿಗ್ಗು ಆ ಗಳಿಗೆಯದು, ಮನಸ್ಸು ಉಬ್ಬಿ ಅಗಲವಾಗುವುದು. ಲವಲವಿಕೆ ಓಡಾಟದಲ್ಲಿ, ಮಾತಿನ ಚುರುಕಿನಲ್ಲಿ ಕಾಣುತ್ತದೆ. ಖುಷಿ ಪಾರಸಿಯಿಂದ ಬಂದ ಪದ, ಆದರೆ ಈಗ ನಮ್ಮದೇ, ಮಾತಿನಲ್ಲಿ ಸಂತೋಷಕ್ಕಿಂತ ಅದೇ ಜಾಸ್ತಿ.

ನಿಮ್ಮ ಕಾರ್ಡಿನಿಂದ ‘ಸದಾ’ ಅನ್ನುವುದನ್ನಂತೂ ತೆಗೆಯಿರಿ. ಅವರ ಮನೆಯ ಕಷ್ಟ ನಿಮಗೇನು ಗೊತ್ತು? ನಿಜ ಹೇಳಬೇಕೆಂದರೆ ಒಂದು ಪದ ಹುಡುಕುವುದೇ ಬೇಡ. ಎಲ್ಲರೂ ಸುಸ್ತಾಗಿ ಕೂತಿದ್ದ ದಿನ ಅವರು ಏನು ಹೇಳಿ ನಗಿಸಿದ್ದರು, ಅದನ್ನೇ ಎರಡು ಸಾಲು ಬರೆಯಿರಿ. ಪದ ಬೇಕೇ ಬೇಕು ಅಂದರೆ ‘ಗೆಲುವಿನ ಮುಖ’ ಅನ್ನಿ.

ಅಕ್ಕನಿಗೆ ನಾನು ಅದನ್ನು ಹೇಳಿದ್ದು ಒಂದು ವರ್ಷದ ಮೇಲೆ. "ಇವತ್ತು ಗೆಲುವಾಗಿ ಕಾಣ್ತಿದ್ದೀಯ" ಅಂದೆ. "ಹೂಂ ಕಣೋ, ರಾತ್ರಿ ಚೆನ್ನಾಗಿ ನಿದ್ದೆ ಬಂತು" ಅಂದಳು.